ಕಥೆ ಓದು, ಆಮೇಲೆ ಅದರ ಟ್ಯೂನ್ ಕೇಳು: ನನ್ನ ಐರ್ಲೆಂಡ್ ಓದು

ಐರ್ಲೆಂಡಿನ ಕಡೆ ನನ್ನನ್ನು ತಿರುಗಿಸಿದವರು ಕುವೆಂಪು. ವಿದ್ಯಾರ್ಥಿಯಾಗಿದ್ದಾಗ ಅವರು ಇಂಗ್ಲಿಷ್‌ನಲ್ಲಿ ಕವಿತೆ ಬರೆಯುತ್ತಿದ್ದರು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದರು. ಇದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಕಸಿನ್ಸ್ ಯಾರು, ಎಲ್ಲಿಂದ ಬಂದವರು? ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. ಯೇಟ್ಸ್, ಲೇಡಿ ಗ್ರೆಗರಿ ಮುಂತಾದ ಐರಿಷ್ ಲೇಖಕರು ತಮ್ಮ ನಾಡಿನ ಹಳೆಯ ಕಥೆಗಳನ್ನು ಮತ್ತೆ ಎತ್ತಿಕೊಂಡ ಕಾಲದಲ್ಲಿ ಡಬ್ಲಿನ್‌ನಲ್ಲಿದ್ದವರು. ಹಾಗಾದರೆ ಆ ಕಥೆಗಳನ್ನೇ ಓದೋಣ ಅನ್ನಿಸಿತು.

ಲೇಡಿ ಗ್ರೆಗರಿಯಿಂದ ಶುರು ಮಾಡಿದೆ. ಆಕೆ ಗಾಲ್ವೇ ಕೌಂಟಿಯ ಜಮೀನ್ದಾರಿ ಮನೆಯವರು. ಐರಿಷ್ ಭಾಷೆ ಕಲಿತು, ಸುತ್ತಲಿನ ಹಳ್ಳಿಯವರ ಬಾಯಿಂದ ಕಥೆ ಕೇಳಿದರು. ವೀರ ಕೂ ಖುಲಿನ್‌ನ ಕಥೆಗಳನ್ನು 1902ರಲ್ಲಿ ಪುಸ್ತಕ ಮಾಡಿದಾಗ ಆ ಹಳ್ಳಿಯವರು ಆಡುವ ಇಂಗ್ಲಿಷನ್ನೇ ಬಳಸಿದರು. ಕಣ್ಣಲ್ಲಿ ಓದಿದರೆ ಅದು ಸ್ವಲ್ಪ ಎಳೆದ ಹಾಗೆ ಅನ್ನಿಸುತ್ತದೆ. ಜೋರಾಗಿ ಓದಿದರೆ ಸರಿಹೋಗುತ್ತದೆ. ನಾನು ರಾತ್ರಿ ಊಟ ಆದಮೇಲೆ ಜೋರಾಗಿಯೇ ಓದುತ್ತಿದ್ದೆ. ಮನೆಯವರು ಮೊದಮೊದಲು ನಕ್ಕರು.

ಆ ಕಥೆಗಳಲ್ಲೆಲ್ಲ ದೊಡ್ಡದು ಒಂದು ಹೋರಿಗಾಗಿ ನಡೆಯುವ ಯುದ್ಧ. ರಾಣಿ ಮೇವ್ ಮತ್ತು ಅವಳ ಗಂಡ ಯಾರ ಆಸ್ತಿ ಜಾಸ್ತಿ ಅಂತ ಹಾಸಿಗೆಯಲ್ಲೇ ಲೆಕ್ಕ ಹಾಕುತ್ತಾರೆ. ಎಲ್ಲ ಸಮ. ಗಂಡನ ಹತ್ತಿರ ಒಂದು ಬಿಳಿಕೋಡಿನ ಹೋರಿ ಮಾತ್ರ ಹೆಚ್ಚು. ಅದಕ್ಕೆ ಸರಿಸಾಟಿಯಾದ ಕಂದು ಹೋರಿ ಉತ್ತರದ ಅಲ್ಸ್ಟರ್ ಸೀಮೆಯಲ್ಲಿದೆ ಅಂತ ಗೊತ್ತಾಗಿ ಅವಳು ದಂಡು ಹೊರಡಿಸುತ್ತಾಳೆ. ಅಲ್ಸ್ಟರ್‌ನ ಗಂಡಸರೆಲ್ಲ ಶಾಪದಿಂದ ಹೆರಿಗೆ ನೋವು ಬಂದು ಮಲಗಿದ್ದಾರೆ. ಹದಿಹರೆಯದ ಕೂ ಖುಲಿನ್ ಒಬ್ಬನೇ ಹೊಳೆ ದಾಟುವ ಜಾಗದಲ್ಲಿ ನಿಂತು ಒಬ್ಬೊಬ್ಬರನ್ನೇ ತಡೆಯುತ್ತಾನೆ. ತುರು ಕಾಯುತ್ತಾ ಸತ್ತವರ ವೀರಗಲ್ಲು ಊರೂರಲ್ಲಿ ನೋಡಿದವರಿಗೆ, ವಿರಾಟಪರ್ವದ ಗೋಗ್ರಹಣ ಕೇಳಿ ಬೆಳೆದವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ದನಕ್ಕಾಗಿ ಯಾಕಿಷ್ಟು ರಕ್ತ ಅಂತ ನನಗಂತೂ ಅನ್ನಿಸಲಿಲ್ಲ.

ಹೆಸರುಗಳ ಉಚ್ಚಾರಣೆ ಮೊದಲು ತಲೆ ತಿನ್ನುತ್ತದೆ. ಅಕ್ಷರ ಒಂದು, ಬಾಯಲ್ಲಿ ಬರುವುದು ಇನ್ನೊಂದು. ಐರಿಷ್‌ನಲ್ಲಿ ಕಥೆ ಹೇಳುವವರ ಧ್ವನಿಮುದ್ರಣ ಕೇಳಿ ಕಿವಿಯಿಂದಲೇ ಕಲಿತೆ. ಸಂಗೀತಕ್ಕೂ ದಾರಿಯಾಗಿದ್ದು ಹಾಗೇ.

ನನ್ನ ಕ್ರಮ ಇಷ್ಟೇ: ಕಥೆಯಿರುವ ಟ್ಯೂನ್ ಹುಡುಕುವುದು, ಕಥೆ ಓದಿ ಆಮೇಲೆ ಕೇಳುವುದು. ಮೊದಲು ಸಿಕ್ಕಿದವರು ಟರ್ಲೊ ಓ'ಕ್ಯಾರೊಲಾನ್ (1670–1738). ಹದಿನೆಂಟನೇ ವಯಸ್ಸಿನಲ್ಲಿ ಸಿಡುಬು ಬಂದು ಕಣ್ಣು ಹೋಯಿತು. ಹಾರ್ಪ್ ಎಂಬ ತಂತಿವಾದ್ಯ ಕಲಿತು, ಕುದುರೆ ಮತ್ತು ಜೊತೆಗೊಬ್ಬ ಆಳಿನೊಂದಿಗೆ ಮನೆಯಿಂದ ಮನೆಗೆ ನುಡಿಸುತ್ತಾ ತಿರುಗಿದರು. ಅವರ ಮೊದಲ ರಚನೆ ಎನ್ನಲಾಗುವ ‘ಶೀ ವೆಗ್, ಶೀ ವೋರ್’ ಎರಡು ಗುಡ್ಡಗಳ ಯಕ್ಷರು ಮಾಡಿದ ಜಗಳದ ಬಗ್ಗೆ. ಜಗಳ ಗೊತ್ತಿಲ್ಲದೆ ಕೇಳಿದರೆ ಅದು ಬರೀ ಸಿಹಿ ರಾಗ. ಯಕ್ಷರು ಅಂದೆ, ಆದರೆ ರೆಕ್ಕೆ ಹಚ್ಚಿಕೊಂಡ ಪುಟಾಣಿಗಳಲ್ಲ. ದಿಬ್ಬದೊಳಗೆ ವಾಸಿಸುವ, ಮನುಷ್ಯರಷ್ಟೇ ಎತ್ತರದ, ಕೆಣಕಬಾರದ ಜನ. ಹಳ್ಳಿಯವರು ಅವರ ಹೆಸರೆತ್ತದೆ ‘ಒಳ್ಳೆಯವರು’ ಅಂತಲೇ ಕರೆಯುತ್ತಿದ್ದರು.

ಇನ್ನೊಂದು ಟ್ಯೂನ್ ‘ಪೋರ್ತ್ ನ ಬೂಕಿ’. ಐರ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಬ್ಲಾಸ್ಕೆಟ್ ದ್ವೀಪದವರು ಇದನ್ನು ಯಕ್ಷರಿಂದ ಕೇಳಿ ಕಲಿತದ್ದು ಎನ್ನುತ್ತಿದ್ದರು. ದೋಣಿಯ ತಳದ ಮೂಲಕ ಕೇಳಿಸಿದ ತಿಮಿಂಗಿಲದ ಹಾಡಿರಬೇಕು ಅಂತ ಈಗಿನವರು ಹೇಳುತ್ತಾರೆ. ಎರಡೂ ಚೆನ್ನಾಗಿವೆ, ನಾನು ಆರಿಸಲು ಹೋಗಿಲ್ಲ. ಆ ದ್ವೀಪಗಳಲ್ಲಿ ದೊಡ್ಡದನ್ನು 1953ರಲ್ಲಿ ಖಾಲಿ ಮಾಡಿಸಿದರು. ಈ ಟ್ಯೂನನ್ನು ಇಲಿನ್ ಪೈಪ್ಸ್‌ನಲ್ಲಿ ಕೇಳಿ: ಮೊಣಕೈ ಕೆಳಗಿನ ತಿದಿಯಿಂದ ಗಾಳಿ ತುಂಬುವ ವಾದ್ಯ, ಶ್ರುತಿ ಹಿಡಿಯುವ ಕೊಳವೆಗಳೂ ಅದರಲ್ಲೇ ಇವೆ. ‘ಸೆಲ್ಟಿಕ್’ ಅಂತ ಹೆಸರಿಟ್ಟು ಸಿಂಥಸೈಜರ್ ಹಾಕಿದ ಆಲ್ಬಂಗಳನ್ನು ನಾನು ಸುಮ್ನೆ ದಾಟಿಬಿಡುತ್ತೇನೆ.

ಪುಸ್ತಕಕ್ಕಿಂತಲೂ ಹೆಚ್ಚು ಹೊತ್ತು ಹಿಡಿದದ್ದು ಶಾಲಾ ಮಕ್ಕಳ ಬರಹ. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಕಥೆ ಬರೆದುಕೊಂಡರು. ಬೆಣ್ಣೆ ಕಡೆಯುವಾಗ ಏನು ಮಾಡಬಾರದು, ನರುಲಿಗೆ ಏನು ಮದ್ದು, ಯಾವ ಮುಳ್ಳಿನ ಮರ ಕಡಿದವನಿಗೆ ಏನಾಯಿತು, ಎಲ್ಲವೂ ಇದೆ. ‘ದೂಖಸ್’ ಎಂಬ ಜಾಲತಾಣದಲ್ಲಿ ಆ ನೋಟ್‌ಬುಕ್ ಪುಟಗಳನ್ನು ಮಕ್ಕಳ ಕೈಬರಹದಲ್ಲೇ ಬಿಟ್ಟಿ ಓದಬಹುದು. ನಾನು ಒಂದು ಕೌಂಟಿ, ಅದರಲ್ಲಿ ಒಂದು ಶಾಲೆ ಅಂತ ಹಿಡಿದುಕೊಂಡು ಓದುತ್ತೇನೆ. ವಿಷಯ ಹಿಡಿದು ಹುಡುಕಿದರೆ ಒಂದೇ ಕಥೆ ಹತ್ತು ಸಲ ಎದುರಾಗಿ ಬೇಸರವಾಗುತ್ತದೆ. ಶಾಲೆ ಹಿಡಿದರೆ ಒಂದು ಊರಿನ ಭಯ, ತಮಾಷೆ, ಔಷಧಿ ಎಲ್ಲ ಒಟ್ಟಿಗೆ ಸಿಗುತ್ತವೆ. ಐರಿಷ್ ಭಾಷೆಯ ಪುಟಗಳು ನನಗೆ ಬರುವುದಿಲ್ಲ. ಇಂಗ್ಲಿಷ್‌ನವೇ ಸಾಕಷ್ಟಿವೆ.