ಅಮೆರಿಕದಲ್ಲಿ ಕೂತು ಸುದ್ದಿ ಬರೆಯುವ ಕನ್ನಡಿಗರಿಗೆ: ‘ಚಿತ್ರಕೃಪೆ’ ಹಾಕಿದರೆ ಸಾಲದು

ಯಾರದೋ ಫೋಟೋ ತೆಗೆದುಕೊಂಡು ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಅಂತ ಬರೆದರೆ ಮುಗಿಯಿತು ಎಂದು ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಅಮೆರಿಕದಲ್ಲಿದ್ದು ಸುದ್ದಿ ಬರೆಯುವವರು ಈ ಅಭ್ಯಾಸವನ್ನು ದಯವಿಟ್ಟು ಇವತ್ತೇ ಬಿಡಿ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ.

ಸುದ್ದಿ ಮಾತ್ರ ಯಾರ ಸ್ವತ್ತೂ ಅಲ್ಲ. ಎಲ್ಲಿ ಬೆಂಕಿ ಬಿತ್ತು, ಯಾರಿಗೆ ಎಷ್ಟು ಮತ ಬಂತು, ಇವಕ್ಕೆಲ್ಲ ಕಾಪಿರೈಟ್ ಇಲ್ಲ. ಇನ್ನೊಂದು ಪತ್ರಿಕೆಯಲ್ಲಿ ಓದಿದ್ದನ್ನು ನಿಮ್ಮದೇ ಮಾತಿನಲ್ಲಿ ಬರೆಯಬಹುದು. ಆದರೆ ಇಂಗ್ಲಿಷ್ ವರದಿಯನ್ನು ಸಾಲಿಗೆ ಸಾಲು ಕನ್ನಡಕ್ಕೆ ಇಳಿಸಿದರೆ? ಭಾಷೆ ಬದಲಾಯಿತಲ್ಲ, ಇನ್ನೇನು ತೊಂದರೆ ಅನ್ನಿಸುತ್ತದೆ, ಅಲ್ವಾ? ಅನುವಾದದ ಹಕ್ಕೂ ಮೂಲ ಬರಹದ ಹಕ್ಕುದಾರರದೇ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಇನ್ನು ಫೇರ್ ಯೂಸ್, ಅಂದರೆ ಕೆಲವು ಸಂದರ್ಭಗಳಲ್ಲಿ ಅನುಮತಿ ಇಲ್ಲದೆಯೂ ಇನ್ನೊಬ್ಬರ ಕೃತಿಯನ್ನು ಬಳಸಲು ಇರುವ ವಿನಾಯಿತಿ. ಇದು 1976ರ ಕಾಪಿರೈಟ್ ಕಾಯ್ದೆಯ 107ನೇ ಸೆಕ್ಷನ್‌ನಲ್ಲಿದೆ. ಯಾಕೆ ಬಳಸಿದಿರಿ, ಮೂಲ ಕೃತಿ ಎಂಥದ್ದು, ಎಷ್ಟು ತೆಗೆದುಕೊಂಡಿರಿ, ಅವರ ಮಾರುಕಟ್ಟೆಗೆ ಪೆಟ್ಟು ಬಿತ್ತಾ ಎಂದು ಕೋರ್ಟ್ ನೋಡುತ್ತದೆ. ವಿಡಿಯೋ ಅಥವಾ ಹಾಡಿನ ತುಣುಕು 30 ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ ಎನ್ನುವ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಒಂದು ಹಳೇ ಕೇಸ್ ನೋಡಿ. ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಆತ್ಮಕಥೆಯ ಹಸ್ತಪ್ರತಿ, ಪುಸ್ತಕ ಹೊರಬರುವ ಮುಂಚೆಯೇ ‘ದ ನೇಷನ್’ ಪತ್ರಿಕೆಯ ಕೈಗೆ ಸಿಕ್ಕಿತು. ಸುಮಾರು 2 ಲಕ್ಷ ಪದಗಳಲ್ಲಿ ಅವರು ಇದ್ದ ಹಾಗೇ ಎತ್ತಿಕೊಂಡಿದ್ದು ಬರೀ 300ರಷ್ಟು. ಆದರೆ ಅದರಲ್ಲಿ ಫೋರ್ಡ್ ತಮಗಿಂತ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟ ಭಾಗವಿತ್ತು, ಪುಸ್ತಕದ ಜೀವಾಳವೇ ಅದು. ಅದನ್ನು ಮೊದಲು ಪ್ರಕಟಿಸಲು ಒಪ್ಪಂದ ಮಾಡಿಕೊಂಡಿದ್ದ ‘ಟೈಮ್’ ಪತ್ರಿಕೆ ಹಿಂದೆ ಸರಿಯಿತು, ಬಾಕಿ 12,500 ಡಾಲರ್ ಕೊಡಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟ್ ಇದು ಫೇರ್ ಯೂಸ್ ಅಲ್ಲ ಎಂದಿತು. ಸುದ್ದಿಗಾಗಿ ಬಳಸಿದೆವು ಎನ್ನುವ ಮಾತೊಂದೇ ಅವರನ್ನು ಉಳಿಸಲಿಲ್ಲ.

ಫೋಟೋ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಆ ಫೋಟೋನೇ ಸುದ್ದಿಯಾಗಿದ್ದು, ನೀವು ಅದನ್ನೇ ಚರ್ಚೆ ಮಾಡುತ್ತಿದ್ದರೆ ನಿಮ್ಮ ವಾದಕ್ಕೆ ಬಲ ಇರುತ್ತದೆ. ಲೇಖನ ಚೆನ್ನಾಗಿ ಕಾಣಲಿ ಅಂತ ಸುಮ್ನೆ ಹಾಕಿದರೆ ಇಲ್ಲ. ಕಾಪಿರೈಟ್ ಆಫೀಸಿನಲ್ಲಿ ಸಮಯಕ್ಕೆ ಸರಿಯಾಗಿ ನೋಂದಾಯಿಸಿದ ಕೃತಿಯಾದರೆ, ಒಂದೊಂದಕ್ಕೂ 750ರಿಂದ 30,000 ಡಾಲರ್‌ವರೆಗೆ ಪರಿಹಾರ ಕೊಡಬೇಕಾಗಬಹುದು. ಬೇಕೆಂದೇ ಮಾಡಿದ್ದು ಎಂದಾದರೆ 1,50,000ದವರೆಗೂ ಹೋಗುತ್ತದೆ. ದುಡ್ಡಿಲ್ಲದ ಚಿಕ್ಕ ತಂಡಗಳಿಗೆ ಒಂದು ದಾರಿ ಇದೆ: ಫೆಡರಲ್ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಫೋಟೋಗಳಿಗೆ ಇಲ್ಲಿ ಕಾಪಿರೈಟ್ ಇಲ್ಲ. ರಾಜ್ಯ ಸರ್ಕಾರದ್ದು ಹಾಗಲ್ಲ, ವಿಚಾರಿಸಿಕೊಳ್ಳಿ.

ನಿಮ್ಮ ಬರಹಕ್ಕೂ ಇದೇ ರಕ್ಷಣೆ ಇದೆ. ಮುಖ್ಯವಾದ ವರದಿಯನ್ನು ಪ್ರಕಟಿಸಿದ 3 ತಿಂಗಳೊಳಗೆ ಕಾಪಿರೈಟ್ ಆಫೀಸಿನಲ್ಲಿ ನೋಂದಾಯಿಸಿ. ಆಮೇಲೆ ಯಾರಾದರೂ ಕದ್ದರೆ ಈ ಪರಿಹಾರದ ಜೊತೆ ವಕೀಲರ ಖರ್ಚನ್ನೂ ಕೇಳಬಹುದು.