ಮೆಡಲ್ ಬಂದ ರಾತ್ರಿ ನಾನು ಮಾಡಿದ್ದು

1971ರ ಯುದ್ಧದಲ್ಲಿ ನನಗೆ ಸೇನಾ ಮೆಡಲ್ ಬಂತು. ಅದು ಬಂದದ್ದು ಒಂದು ರಾತ್ರಿಯ ಕೆಲಸಕ್ಕೆ, ಆ ರಾತ್ರಿ ನಾನು ಒಂದು ಗುಂಡೂ ಹಾರಿಸಲಿಲ್ಲ. ಇದನ್ನು ಹೇಳಿದ ಕೂಡಲೇ ಎದುರಿಗೆ ಕೂತವರ ಮುಖ ಸಪ್ಪೆಯಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ನಾನು ಹೇಳುತ್ತಾ ಹೋಗುತ್ತೇನೆ, ಟೈಪ್ ಮಾಡುವವಳು ಮೊಮ್ಮಗಳು. ತಪ್ಪಿದ್ದರೆ ಅವಳನ್ನು ಬೈಯಿರಿ.

ನನ್ನೂರು ಕುಮಟಾ ತಾಲೂಕು, ಅಘನಾಶಿನಿ ದಂಡೆ. ಭರ್ತಿಯಾದದ್ದು ಮದ್ರಾಸ್ ಸ್ಯಾಪರ್ಸ್‌ಗೆ, ಅಂದರೆ ಸೈನ್ಯದ ಎಂಜಿನಿಯರ್ ದಳಕ್ಕೆ. ಟ್ರೈನಿಂಗ್ ಬೆಂಗಳೂರಿನ ಹಲಸೂರಿನಲ್ಲಿ. ಸೈನ್ಯದಲ್ಲಿ ನಮ್ಮನ್ನು ತಂಬಿ ಅಂತ ಕರೆಯುತ್ತಾರೆ, ಕನ್ನಡದವನಾದರೂ ತಂಬಿಯೇ. ಸೇತುವೆ ಕಟ್ಟುವುದು, ಸೇತುವೆ ಉಡಾಯಿಸುವುದು, ಮೈನ್ ಅಂದರೆ ನೆಲಬಾಂಬ್ ಹೂಳುವುದು, ಮೈನ್ ತೆಗೆಯುವುದು, ಇಷ್ಟೇ ನಮ್ಮ ಕೆಲಸ. ಕಾರವಾರ ಜಿಲ್ಲೆ ಎಂದ ಕೂಡಲೇ ನಮ್ಮ ಉಸ್ತಾದ್ "ರಾಣೆ ಸಾಹೇಬರ ಕಡೆಯವನಾ?" ಎಂದು ಕೇಳಿದ್ದರು. ಅವರು ಬಾಂಬೆ ಸ್ಯಾಪರ್ಸ್, ನಾವು ಮದ್ರಾಸ್. ಆದರೂ ಆ ಹೆಸರು ಗೊತ್ತಿಲ್ಲದ ಸ್ಯಾಪರ್ ಇಲ್ಲ.

ಕಾರವಾರ ಬೀಚಿನ ಯುದ್ಧನೌಕೆ ಮ್ಯೂಸಿಯಂ ಹತ್ತಿರ ಪ್ರತಿಮೆ ಇದೆಯಲ್ಲ, ಅವರೇ ರಾಮ ರಾಘೋಬಾ ರಾಣೆ. ಪಕ್ಕದ ಚೆಂಡಿಯಾದವರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರು. 1948ರ ಏಪ್ರಿಲ್ 8ರಿಂದ 11ರವರೆಗೆ ಜಮ್ಮು-ಕಾಶ್ಮೀರದ ನೌಶೇರಾ-ರಜೌರಿ ದಾರಿಯಲ್ಲಿ ಮೈನ್, ಕಡಿದು ಅಡ್ಡ ಹಾಕಿದ ಮರ, ಒಡೆದ ಮೋರಿ, ಎಲ್ಲಾ ತೆರವು ಮಾಡುತ್ತಾ ನಮ್ಮ ಟ್ಯಾಂಕುಗಳನ್ನು ಮುಂದೆ ಕಳಿಸಿದರು. ಮೊದಲ ದಿನವೇ ಮಾರ್ಟರ್ ಬಿದ್ದು ಇಬ್ಬರು ಸತ್ತು ಐವರಿಗೆ ಗಾಯವಾಯಿತು, ಗಾಯಗೊಂಡವರಲ್ಲಿ ಅವರೂ ಒಬ್ಬರು. ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಡ್ರೈವರನಿಗೆ ಸನ್ನೆ ಕೊಡುತ್ತಾ ಹೋದರಂತೆ. ಟ್ರೈನಿಂಗಿನಲ್ಲಿ ಕೇಳಿದಾಗ ನಂಬಿಕೆ ಬರಲಿಲ್ಲ. ಬಸಂತರ್ ನೋಡಿದ ಮೇಲೆ ಬಂತು.

ಬಸಂತರ್ ನದಿ ಗಡಿಯಾಚೆ, ಪಾಕಿಸ್ತಾನದ ಶಕರ್‌ಗಢ ಕಡೆಯದು. ಅಘನಾಶಿನಿ ನೋಡಿ ಬೆಳೆದವರಿಗೆ ಅದು ನದಿಯೇ ಅಲ್ಲ ಬಿಡಿ. ಕಷ್ಟ ಇದ್ದದ್ದು ನೀರಿನಲ್ಲಲ್ಲ, ದಡದ ಮಣ್ಣಿನಲ್ಲಿ. ಡಿಸೆಂಬರ್ 15ರ ರಾತ್ರಿ ಪದಾತಿ ದಳದವರು ನದಿ ದಾಟಿ ಆಚೆ ದಡ ಹಿಡಿದಿದ್ದರು. ಟ್ಯಾಂಕುಗಳು ಈಚೆ. ನಡುವೆ ಮೈನುಗಳು. ಬೆಳಗಾಗುವುದರೊಳಗೆ ಟ್ಯಾಂಕ್ ಆಚೆ ಮುಟ್ಟದಿದ್ದರೆ ಅಲ್ಲಿರುವ ಹುಡುಗರು ಬರೀ ರೈಫಲ್ ಹಿಡಿದು ಶತ್ರು ಟ್ಯಾಂಕಿನ ಎದುರು ನಿಲ್ಲಬೇಕು.

ಮೈನಿನಲ್ಲಿ ಎರಡು ಥರ. ಟ್ಯಾಂಕ್ ಮೈನ್ ದೊಡ್ಡದು, ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಅದನ್ನು ತೆಗೆಯಲು ಬರುವ ನಮ್ಮಂಥವರಿಗಾಗಿ ಸುತ್ತ ಸಣ್ಣ ಮೈನ್ ಹೂತಿರುತ್ತಾರೆ. ಅದಕ್ಕೆ ಒಂದು ಹೆಜ್ಜೆ ಸಾಕು. ಡಿಟೆಕ್ಟರ್ ಇತ್ತು, ಆದರೆ ಶೆಲ್ ಬಿದ್ದ ನೆಲದ ತುಂಬಾ ಕಬ್ಬಿಣದ ಚೂರು, ಎಲ್ಲಿ ಹಿಡಿದರೂ ಕೂಗುತ್ತಿತ್ತು. ಕೊನೆಗೆ ಉಳಿಯುವುದು ಕೈ ಮತ್ತು ಪ್ರಾಡರ್, ಅಂದರೆ ಮೊನೆಯಿರುವ ಉದ್ದ ಸಲಾಕೆ. ಹೊಟ್ಟೆ ಮೇಲೆ ಮಲಗಬೇಕು. ತೋಳು ಮಡಚಿ, ಬರಿಗೈಯನ್ನು ಹುಲ್ಲಿನ ಮೇಲೆ ಮೆಲ್ಲಗೆ ಆಡಿಸಿ ಮೊದಲು ತಂತಿ ಹುಡುಕಬೇಕು, ತಂತಿ ಎಳೆದರೆ ಮೈನ್ ಸಿಡಿಯುತ್ತದೆ. ಕೈಗವಸು ಹಾಕುವ ಹಾಗಿಲ್ಲ, ಚಳಿಗೆ ಬೆರಳು ಮರಗಟ್ಟಿದರೂ. ಆಮೇಲೆ ಪ್ರಾಡರನ್ನು ಓರೆಯಾಗಿ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತದೆ, ಓರೆಯಾದರೆ ಪಕ್ಕೆಗೆ. ಗಟ್ಟಿ ಏನಾದರೂ ಸಿಕ್ಕಿದರೆ ಬದಿಯ ಮಣ್ಣನ್ನು ಬೆರಳಲ್ಲಿ ತೆಗೆದು ನೋಡಬೇಕು, ಕಲ್ಲೂ ಇರಬಹುದು. ಮೈನ್ ಆದರೆ ಎತ್ತಬಾರದು, ಎತ್ತಿದರೆ ಸಿಡಿಯುವ ಹಾಗೆ ಅಡಿಯಲ್ಲಿ ಏನಾದರೂ ಇಟ್ಟಿರಬಹುದು. ಕೊಕ್ಕೆ ಸಿಕ್ಕಿಸಿ ದೂರ ಹೋಗಿ ಹಗ್ಗದಿಂದ ಎಳೆಯಬೇಕು. ಚಿಕ್ಕವನಿದ್ದಾಗ ಇಳಿತದ ಹೊತ್ತಿಗೆ ಆಯಿ ಜೊತೆ ಹೊಳೆಗೆ ಇಳಿದು ಕೆಸರಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹುಡುಕುತ್ತಿದ್ದೆ. ಕಣ್ಣಿಗೆ ಕಾಣದ್ದನ್ನು ಬೆರಳಿಗೆ ಬಿಟ್ಟುಕೊಡುವ ಅಭ್ಯಾಸ ಅಲ್ಲೇ ಆದದ್ದು ಅಂತ ನನಗೆ ಅನಿಸುತ್ತದೆ.

ಮೇಲೆ ಶೆಲ್ ಬೀಳುತ್ತಲೇ ಇತ್ತು. ನನ್ನ ಎಡಕ್ಕೆ ಕೆಲಸ ಮಾಡುತ್ತಿದ್ದ ಹುಡುಗ, ಸೇಲಂ ಕಡೆಯವನು, ಶೆಲ್ ಬಂತೆಂದು ಬದಿಗೆ ಹೊರಳಿದ. ಅಲ್ಲೇ ಸಣ್ಣ ಮೈನ್ ಇತ್ತು. ಸದ್ದು ದೊಡ್ಡದೇನಲ್ಲ. ಆಮೇಲೆ ಅವನು "ಅಣ್ಣಾ, ಬೂಟು ಎಲ್ಲಿ ಹೋಯ್ತು" ಅಂತ ಮೆಲ್ಲಗೆ ಕೇಳಿದ. ಓಡಿ ಹೋಗುವ ಹಾಗಿಲ್ಲ, ಅವನಿಗೂ ನನಗೂ ನಡುವಿನ ನೆಲ ಇನ್ನೂ ನೋಡಿದ್ದಲ್ಲ. ಚುಚ್ಚಿ ಚುಚ್ಚಿ ದಾರಿ ಮಾಡಿಕೊಂಡು ಅವನ ಹತ್ತಿರ ಹೋಗಿ, ತೆರವಾದ ದಾರಿಯ ಗುರುತಿಗೆ ತಂದಿದ್ದ ಬಿಳಿ ಟೇಪನ್ನೇ ಮಡಚಿ ಮೊಣಕಾಲ ಕೆಳಗೆ ಬಿಗಿದು, ನಾನು ಬಂದ ಗುರುತಿನ ಮೇಲೇ ಅವನನ್ನು ಹಿಂದಕ್ಕೆ ಎಳೆದು ತಂದು ಸ್ಟ್ರೆಚರಿನವರಿಗೆ ಒಪ್ಪಿಸಿದೆ. ವಾಪಸ್ ಹೋಗಿ ಅವನ ಸಾಲನ್ನೂ ನಾನೇ ಹಿಡಿದೆ. ಮೆಡಲ್ ಕಾಗದದಲ್ಲಿ ಬರೆದಿದ್ದು ಇಷ್ಟನ್ನೇ, ಇಂಗ್ಲಿಷಿನಲ್ಲಿ, ಜಾಸ್ತಿ ಚೆಂದ ಮಾಡಿ. ಭಯ ಆಗಲಿಲ್ವಾ ಅಂತ ಕೇಳುತ್ತಾರೆ. ಆಯಿತು. ಹೊಟ್ಟೆ ಹಿಂಡುತ್ತಿತ್ತು. ಆದರೆ ಮುಂದಿನ ಚುಚ್ಚು ಎಲ್ಲಿ ಅಂತ ನೋಡಲೇಬೇಕಲ್ಲ.

ನಮ್ಮ ಕೆಲಸ ಅರ್ಧದಲ್ಲಿದ್ದಾಗಲೇ ಆಚೆಯಿಂದ ಶತ್ರು ಟ್ಯಾಂಕ್ ಕಾಣುತ್ತಿವೆ ಎಂದು ಸುದ್ದಿ ಬಂತು. ಕಾಯುವ ಹಾಗಿರಲಿಲ್ಲ. ನಮ್ಮ ಟ್ಯಾಂಕ್ ರೆಜಿಮೆಂಟ್ ಪೂನಾ ಹಾರ್ಸ್‌ನ ಟ್ಯಾಂಕುಗಳು ಪೂರ್ತಿ ತೆರವಾಗದ ನೆಲದಲ್ಲೇ ನುಗ್ಗಿದವು. ನಾವು ಟೇಪಿನ ಪಕ್ಕ ನೆಲಕ್ಕೆ ಅಂಟಿಕೊಂಡು ಮಲಗಿದ್ದೆವು, ಒಂದೊಂದು ಟ್ಯಾಂಕ್ ದಾಟಿದಾಗಲೂ ಎದೆಯಡಿ ಮಣ್ಣು ನಡುಗುತ್ತಿತ್ತು. ಟೇಪ್ ಮುಗಿದ ಮೇಲಿನ ನೆಲದಲ್ಲಿ ಏನಿದೆ ಅಂತ ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೋದರು. ನನ್ನನ್ನು ಕೇಳಿದರೆ ಆ ರಾತ್ರಿ ನಿಜವಾದ ಗುಂಡಿಗೆ ಇದ್ದದ್ದು ಆ ಡ್ರೈವರ್‌ಗಳಿಗೆ. ಮರುದಿನ ಅದೇ ರೆಜಿಮೆಂಟಿನ ಅರುಣ್ ಖೇತರಪಾಲ್ ಹೋರಾಡಿ ತೀರಿಕೊಂಡರು, 21 ವರ್ಷ. ಅವರಿಗೂ ಪರಮವೀರ ಚಕ್ರ. 17ಕ್ಕೆ ಕದನವಿರಾಮ ಆಯಿತು.

ಯುದ್ಧ ನಿಂತರೂ ಮೈನ್ ನಿಲ್ಲುವುದಿಲ್ಲ. ನಾವು ಹೂತದ್ದನ್ನು ನಾವೇ ತೆಗೆಯಬೇಕು. ನಕಾಶೆ ಇರುತ್ತದೆ, ಆದರೆ ಮಳೆಗೆ ಮಣ್ಣು ಸರಿದು ಮೈನ್ ಬೇರೆ ಕಡೆ ಹೋಗಿರುತ್ತದೆ. ಸರ್ಕಂಡಾ ಹುಲ್ಲು ಆಳೆತ್ತರ ಬೆಳೆದಿರುತ್ತದೆ. ಆ ಕೆಲಸದಲ್ಲೂ ಕಾಲು ಕಳೆದುಕೊಂಡವರಿದ್ದಾರೆ, ಅವರ ಹೆಸರು ಯಾವ ಪೇಪರಿನಲ್ಲೂ ಬರಲಿಲ್ಲ.

ಈಗ ನಮ್ಮ ಕಡೆ ಹುಡುಗರು ಬೆಳಿಗ್ಗೆ ಬೀಚಿನಲ್ಲಿ ಓಡುತ್ತಾ ಭರ್ತಿಗೆ ತಯಾರಾಗುತ್ತಾರೆ. ಕೆಲವರು ಬಂದು ಯಾವುದಕ್ಕೆ ಸೇರಬೇಕು ಅಜ್ಜಾ ಅಂತ ಕೇಳುತ್ತಾರೆ. ಸ್ಯಾಪರ್ಸ್ ಸಿಕ್ಕಿದರೆ ಬಿಡಬೇಡಿ ಅನ್ನುತ್ತೇನೆ. ಓಟ ಸರಿ, ಜೊತೆಗೆ ಗಂಟು ಹಾಕುವುದು, ಈಜುವುದು, ಕತ್ತಲಲ್ಲಿ ಕೈಕೆಲಸ ಮಾಡುವುದು ಕಲಿತಿರಿ. ಗಡಿಬಿಡಿ ಸ್ವಭಾವದವನಾದರೆ ಬೇರೆ ಕಡೆ ನೋಡು, ಸುಮ್ನೆ ಪಕ್ಕದವನ ಕಾಲಿಗೂ ತೊಂದರೆ.