ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ನರ್ಸ್‌ಗಳಿಗೆ ಸಕ್ಕರೆ ಕಾಯಿಲೆಯ ತರಬೇತಿ ಹೀಗೆ ಕೊಡಿ

ಸ್ಟಾಫ್ ನರ್ಸ್‌ಗಳಿಗೆ, ಸಿಎಚ್‌ಓಗಳಿಗೆ (ಸಮುದಾಯ ಆರೋಗ್ಯ ಅಧಿಕಾರಿಗಳು) ಸಕ್ಕರೆ ಕಾಯಿಲೆಯ ತರಬೇತಿ ಕೊಡುವವರು ಮೊದಲ ಗಂಟೆಯನ್ನು ಸಾಮಾನ್ಯವಾಗಿ ಪ್ಯಾಂಕ್ರಿಯಾಸ್‌ನ ಚಿತ್ರಕ್ಕೆ ಕೊಡುತ್ತಾರೆ. ನಾನು ಆ ಗಂಟೆಯನ್ನು ಸಿರಿಂಜ್‌ಗೆ ಇಟ್ಟುಕೊಂಡಿದ್ದೇನೆ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ವಾರ್ಡಿನಲ್ಲಿ ರೈತರೊಬ್ಬರು ಕಾಲಿನ ಹುಣ್ಣಿಗೆಂದು ದಾಖಲಾಗಿದ್ದರು. ಬೆಳಗ್ಗೆ 20 ಯೂನಿಟ್ ಇನ್ಸುಲಿನ್ ಬರೆದಿತ್ತು. ಸಕ್ಕರೆ ಇಳಿಯಲಿಲ್ಲ. ಡೋಸ್ ಏರಿಸಿ 26 ಯೂನಿಟ್ ಆಯಿತು, ಆಮೇಲೆ 36. ಐದನೇ ದಿನ ಸ್ಟೋರಿನಿಂದ ಬೇರೆ ಸಿರಿಂಜ್ ಬಂತು. ಅವತ್ತು ಹನ್ನೊಂದು ಗಂಟೆಗೆ ಅವರ ಹೆಂಡತಿ ಓಡಿಬಂದು, ‘ಏನೇನೋ ಮಾತಾಡ್ತಾವ್ರೆ ಸಿಸ್ಟರ್’ ಅಂದರು. ಹೋಗಿ ನೋಡಿದರೆ ಮೈಯೆಲ್ಲ ಬೆವರು, ಗ್ಲುಕೋಮೀಟರಿನಲ್ಲಿ 38. ಡೆಕ್ಸ್ಟ್ರೋಸ್ ಹಾಕಿ ಉಳಿಸಿಕೊಂಡೆವು. ಅದುವರೆಗೆ ನಾಲ್ಕು ದಿನ ನಾವು 40ರ ವಯಲ್‌ನಿಂದ (ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿ) 100ರ ಸಿರಿಂಜ್‌ನಲ್ಲಿ (ಎಂಎಲ್‌ಗೆ 100 ಯೂನಿಟ್ ಲೆಕ್ಕದ ಗೆರೆ ಇರುವುದು) ಎಳೆದಿದ್ದೆವು. ಕೇಸ್ ಶೀಟಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮುಚ್ಚಳದ ಬಣ್ಣವನ್ನು ಯಾರೂ ನೋಡಿರಲಿಲ್ಲ, ನಾನೂ.

ಆದ್ದರಿಂದ ಇಬ್ಬರಿಗೊಂದು ಟ್ರೇ ಕೊಡಿ. ಇನ್ಸುಲಿನ್ ಖಾಲಿಯಾದ ಮೇಲೆ ನೀರು ತುಂಬಿಟ್ಟ ವಯಲ್, ಕೆಂಪು ಮುಚ್ಚಳದ 40ರ ಸಿರಿಂಜ್, ಕಿತ್ತಳೆ ಮುಚ್ಚಳದ 100ರ ಸಿರಿಂಜ್, ಒಂದು ಸ್ಟೀಲ್ ತಟ್ಟೆ. ಎರಡರಲ್ಲೂ 20ರ ಗೆರೆವರೆಗೆ ಎಳೆದು ತಟ್ಟೆಯ ಮೇಲೆ ಅಕ್ಕಪಕ್ಕ ಬಿಡಿಸಿ. ಕೆಂಪಿನದು ಅರ್ಧ ಎಂಎಲ್, ಕಿತ್ತಳೆಯದು 0.2 ಎಂಎಲ್. ವ್ಯತ್ಯಾಸ ಕಣ್ಣೆದುರೇ ಇರುತ್ತದೆ. ಆಮೇಲೆ ಲೆಕ್ಕ ಅವರಿಂದಲೇ ಹಾಕಿಸಿ: 40ರ ಔಷಧಿ ಕಿತ್ತಳೆ ಸಿರಿಂಜ್‌ನಲ್ಲಿ ಹೋದರೆ 20ರ ಬದಲು 8 ಯೂನಿಟ್, 100ರ ಔಷಧಿ ಕೆಂಪು ಸಿರಿಂಜ್‌ನಲ್ಲಿ ಹೋದರೆ 50 ಯೂನಿಟ್. ಉತ್ತರವನ್ನು ನೀವು ಹೇಳಿಕೊಡಬೇಡಿ, ಹತ್ತು ನಿಮಿಷ ಹಿಡಿದರೂ ಪರವಾಗಿಲ್ಲ. ತರಗತಿ ಮುಗಿದ ಮೇಲೆ ನೀರಿನ ವಯಲ್‌ಗಳನ್ನು ಎಣಿಸಿ ವಾಪಸ್ ಪಡೆದು ನಾಶ ಮಾಡಿ. ಒಂದೂ ಫ್ರಿಜ್ ಸೇರಬಾರದು.

ಅದೇ ಟ್ರೇ ಇಟ್ಟುಕೊಂಡು ಮೋಡದಂತಿರುವ ಇನ್ಸುಲಿನ್ ಅನ್ನು ಕುಲುಕದೆ ಅಂಗೈಗಳ ನಡುವೆ ಹೊರಳಿಸುವುದನ್ನೂ, ಚುಚ್ಚುವ ಜಾಗ ಬದಲಿಸುವುದನ್ನೂ ಕಲಿಸಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಹೊಟ್ಟೆಯ ಮೇಲಾದ ಗಂಟು ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ, ಬೆರಳಾಡಿಸಿಯೇ ಹುಡುಕಬೇಕು.

ರೋಗಪತ್ತೆಯ ಅಂಕಿಗಳಿಗೆ ಹತ್ತು ನಿಮಿಷ ಸಾಕು. ಖಾಲಿ ಹೊಟ್ಟೆಯಲ್ಲಿ 126, ಗ್ಲುಕೋಸ್ ಕುಡಿದ ಎರಡು ಗಂಟೆಗೆ 200, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ. 6.5, ಅಥವಾ ಅದಕ್ಕಿಂತ ಹೆಚ್ಚು. ಗೋಡೆಗೆ ಅಂಟಿಸಿ ಮುಂದೆ ಹೋಗಿ. ಲೋ ಶುಗರ್ ಮಾತ್ರ ನಟಿಸಿ ತೋರಿಸಲಿ: 70ಕ್ಕಿಂತ ಕೆಳಗಿದ್ದು ಪ್ರಜ್ಞೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು.

ಊಟದ ನಂತರದ ಹೊತ್ತು ಎಲ್ಲರಿಗೂ ತೂಕಡಿಕೆ. ಆಗ ಚಪ್ಪಲಿ, ಸಾಕ್ಸ್ ಬಿಚ್ಚಿಸಿ. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಕಚಗುಳಿ ಇಡಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಆ ಪಾದಗಳಿಗೆ ಅಪಾಯವಿದೆ. 10 ಗ್ರಾಂ ಮೊನೊಫಿಲಮೆಂಟ್ (ಪಾದದ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ಇಲ್ಲದ ಉಪಕೇಂದ್ರದಲ್ಲೂ ಇದನ್ನು ಮಾಡಬಹುದು. ಒಮ್ಮೆ ಹಿರಿಯ ಸಿಸ್ಟರ್ ಒಬ್ಬರು ಕಣ್ಣು ಮುಚ್ಚಿಕೊಂಡೇ, ‘ಯಾಕೆ, ಇನ್ನೂ ಶುರು ಮಾಡಿಲ್ವಾ?’ ಅಂತ ಕೇಳಿದರು. ಆಗಲೇ ನಾಲ್ಕು ಬೆರಳು ಮುಟ್ಟಿಯಾಗಿತ್ತು. ಎಂಟು ವರ್ಷದಿಂದ ಅವರಿಗೇ ಸಕ್ಕರೆ ಕಾಯಿಲೆ. ಕಾಲನ್ನು ಯಾರಿಗೂ ತೋರಿಸಿರಲಿಲ್ಲ.

ತಿಂಗಳಾದ ಮೇಲೆ ಅವರವರ ಕೇಂದ್ರಕ್ಕೆ ಹೋಗಿ. ಫ್ರಿಜ್ ತೆರೆಸಿ, ವಯಲ್ ಮೇಲಿನ ಅಂಕಿ ಓದಿಸಿ, ಪಕ್ಕದ ಡಬ್ಬಿಯಲ್ಲಿ ಯಾವ ಬಣ್ಣದ ಮುಚ್ಚಳವಿದೆ ನೋಡಿ. ಎರಡು ಬಣ್ಣವೂ ಬೆರೆತಿದ್ದರೆ ಅಲ್ಲೇ ಕೂತು ಜೊತೆಗೂಡಿ ಬೇರೆ ಮಾಡಿ.